ಮೊಸಳೆ ಇರೋ ಬಾಗ

ನನ್ನ ತಂಗಿ ಡೆಂಗಿ ಜ್ವರದಿಂದ ತೀರಿಕೊಂಡಾಗ ಅವಳ ಮಗಳಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. "ಮೈಕೈ ನೋವು ಅಷ್ಟ ಅಕ್ಕಾ, ನೀ ಏನ್ ಬರಬ್ಯಾಡ" ಎಂದು ಫೋನಿನಲ್ಲಿ ಹೇಳಿದ್ದವಳು, ನಾನು ಗದಗದಿಂದ ಹೊರಟು ನಾಗಪುರ ಮುಟ್ಟುವ ಹೊತ್ತಿಗೆ ಮಾತು ನಿಂತು ಮಲಗಿದ್ದಳು. ನನ್ನ ಕೈಯನ್ನು ಒಮ್ಮೆ ಒತ್ತಿದ ಹಾಗೆ ಅನಿಸಿತು. ಅದು ನಿಜವೋ ನನ್ನ ಭ್ರಮೆಯೋ ಇವತ್ತಿಗೂ ಗೊತ್ತಿಲ್ಲ.

ಅವಳು ನನಗಿಂತ ಬಹಳ ಚಿಕ್ಕವಳು. ನಮ್ಮ ಅವ್ವ ಹೋದಾಗ ತಂಗಿ ಒಂದನೆಯ ತರಗತಿಯಲ್ಲಿದ್ದಳು. ಅವಳ ತಲೆ ಬಾಚಿ, ಎರಡು ಜಡೆ ಹೆಣೆದು, ಶಾಲೆಗೆ ಕಳಿಸಿ, ಆಮೇಲೆ ನಾನು ನನ್ನ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ನನಗೆ ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಹಾಗಾಗಿ ದಿನಕರ್ಮ ಮುಗಿದು ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟಾಗ, "ಮಗು ಯಾರ ಹತ್ರ?" ಎಂಬ ಮಾತು ಬಂದಾಗ, ಎಲ್ಲರೂ ನನ್ನ ಕಡೆ ನೋಡಿದರು. ಅವರು ನೋಡುವ ಮೊದಲೇ ನಾನು ನಿರ್ಧಾರ ಮಾಡಿಯಾಗಿತ್ತು. ಮೊದಲು ರಜೆ ಹಾಕಿದೆ, ಆಮೇಲೆ ಸ್ವಯಂ ನಿವೃತ್ತಿಗೆ ಬರೆದುಕೊಟ್ಟೆ.

ತಂಗಿಯ ಗಂಡ ಬಾಗಲಕೋಟೆ ಕಡೆಯವರು. ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್. ಡ್ಯೂಟಿಗೆ ಹೋದರೆ ಇಟಾರ್ಸಿ ಕಡೆಗೋ ಬಲ್ಲಾರಶಾ ಕಡೆಗೋ. ಯಾವಾಗ ಹೊರಡುತ್ತಾರೆ, ಯಾವಾಗ ಬರುತ್ತಾರೆ ಎಂಬುದು ಅವರಿಗೇ ಗೊತ್ತಿರುತ್ತಿರಲಿಲ್ಲ. ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮನೆ. ಎರಡು ಕೋಣೆ, ಒಂದು ಪಡಸಾಲೆ, ಹಿತ್ತಲಲ್ಲಿ ತಂಗಿ ಹಾಕಿದ್ದ ಕರಿಬೇವು.

ಮಗುವಿಗೆ ವಿಷಯ ಹೇಳಿದ್ದು ಅವರೇ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಂಚದ ಮೇಲೆ ಅವಳನ್ನು ಮುಂದೆ ಕೂಡಿಸಿಕೊಂಡು, ಅವಳ ಎರಡೂ ಪಾದ ಹಿಡಿದುಕೊಂಡು ಹೇಳಿದರು: "ಪುಟ್ಟಿ, ಅವ್ವ ಸತ್ತು ಹೋಗ್ಯಾಳ. ಇನ್ನ ಮನಿಗೆ ಬರಾಂಗಿಲ್ಲ."

"ಯಾವಾಗೂ?"

"ಯಾವಾಗೂ ಬರಾಂಗಿಲ್ಲ."

ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಕಾಲ ಬೆರಳು ನೋಡಿಕೊಂಡಳು. ಆಮೇಲೆ ಅಡುಗೆಮನೆಗೆ ಬಂದು ಊಟ ಕೇಳಿದಳು. ಅನ್ನ ಸಾರು ಕಲಸಿ ಕೊಟ್ಟರೆ ತಟ್ಟೆ ಖಾಲಿ ಮಾಡಿದಳು. ಅಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. "ತಿಳಕೊಂಡಾಳ. ಮಕ್ಕಳು ನಮಗಿಂತ ಜಲ್ದಿ ತಿಳಕೊಂತಾವ" ಎಂದರು ಪಕ್ಕದ ಮನೆಯ ಹಿರಿಯರು. ನಾವೂ ಹಾಗೆಯೇ ಅಂದುಕೊಂಡೆವು.

ಚಳಿ ಶುರುವಾದ ಮೇಲೆ ಒಂದು ಸಂಜೆ ಅವಳು ಚಪ್ಪಲಿ ಹಾಕಿಕೊಂಡು ಬಂದು ನನ್ನ ಸೆರಗು ಹಿಡಿದು ಹೇಳಿದಳು: "ದೊಡ್ಡವ್ವ, ಬಾಗಕ್ಕ ಹೋಗೂಣು."

ಬಾಗ ಎಂದರೆ ಇಲ್ಲಿಯವರಿಗೆ ಪಾರ್ಕು. ಸಂತೋಷದಿಂದಲೇ ಎದ್ದೆ. ಕಾಲೊನಿಯ ಒಳಗೇ ಒಂದು ಮೈದಾನವಿತ್ತು. ದೊಡ್ಡ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಜೋಕಾಲಿಯ ಕಂಬ ಇತ್ತು, ಸರಪಳಿ ಇತ್ತು, ಕೂಡುವ ಹಲಗೆ ಇರಲಿಲ್ಲ. ಅವಳು ಗೇಟಿನಲ್ಲಿಯೇ ನಿಂತು ನೋಡಿ, "ಇದಲ್ಲ" ಎಂದಳು.

"ಮತ್ತ ಯಾವ್ದು?"

"ಅವ್ವ ಕರಕೊಂಡು ಹೋಗ್ತಿದ್ಲಲ್ಲ, ಅದು. ಮಗರ್ ಐತೆಲ್ಲ, ಅದು."

ಮಗರ್ ಎಂದರೆ ಮೊಸಳೆ ಎಂದು ಕೇಳಿ ತಿಳಿದುಕೊಂಡೆ. ಮನೆಗೆ ಬಂದ ಮೇಲೆ ಅವಳ ತಂದೆಯನ್ನು ವಿಚಾರಿಸಿದೆ. ಅವರಿಗೆ ಗೊತ್ತಿರಲಿಲ್ಲ. ಅವರು ಡ್ಯೂಟಿಯಲ್ಲಿದ್ದಾಗ ತಂಗಿ ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಎಲ್ಲೋ ಹೋಗಿಬರುತ್ತಿದ್ದಳು, ಅಷ್ಟೇ. "ಪಾರ್ಕಿಗೆ ಹೋಗಿದ್ವಿ ಅಂತಿದ್ಲರಿ. ಯಾವ ಪಾರ್ಕು ಅಂತ ನಾ ಎಂದೂ ಕೇಳಲಿಲ್ಲ." ತಂಗಿಯ ಫೋನು ಆಸ್ಪತ್ರೆಯ ಗದ್ದಲದಲ್ಲಿ ಕಳೆದುಹೋಗಿತ್ತು. ನನ್ನ ಫೋನಿಗೆ ಅವಳು ಕಳಿಸಿದ್ದ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲದರಲ್ಲೂ ಮಗುವಿನ ಮುಖವೇ ತುಂಬಿತ್ತು: ನಗುವ ಬಾಯಿ, ಮೂಗಿನ ಮೇಲೆ ಮರಳು, ಹಿಂದೆ ಒಂದಿಷ್ಟು ಆಕಾಶ. ಜಾಗ ಯಾವುದೆಂದು ಹೇಳುವಂಥದ್ದು ಒಂದೂ ಇರಲಿಲ್ಲ.

ಮಗು ಕೇಳುತ್ತಿದ್ದದ್ದು ಅದೊಂದನ್ನೇ. ಸಿಗುತ್ತದೆ ಎಂದು ನನಗೂ ನಂಬಿಕೆಯಿತ್ತು. ಊರಿನಲ್ಲಿ ಮೊಸಳೆ ಇರುವ ಪಾರ್ಕು ಎಷ್ಟು ಇದ್ದಾವು?

ಹೀಗೆ ನಾನು ನಾಗಪುರವನ್ನು ಪಾರ್ಕುಗಳ ಮೂಲಕ ಕಲಿತೆ. ಮರಾಠಿ ನನಗೆ ಬರುತ್ತಿರಲಿಲ್ಲ. ಹಿಂದಿ ಶಾಲೆಯ ಪುಸ್ತಕದ ಹಿಂದಿ. ಆಟೋದವರಿಗೆ, "ಮಕ್ಕಳು ಆಡುವ ಬಗೀಚಾ, ಅಲ್ಲಿ ಮೊಸಳೆಯ ಗೊಂಬೆ ಇರಬೇಕು" ಎಂದು ಹೇಳುತ್ತಿದ್ದೆ. ಒಬ್ಬರು ಕೆರೆಯ ದಂಡೆಯ ದೊಡ್ಡ ಉದ್ಯಾನಕ್ಕೆ ಕರೆದೊಯ್ದರು. ಬಲೂನು, ಕಡಲೆ, ಸೆಲ್ಫಿ ತೆಗೆದುಕೊಳ್ಳುವ ಹುಡುಗ ಹುಡುಗಿಯರು. ಜನಜಂಗುಳಿಯಲ್ಲಿ ಮಗು ನನ್ನ ಸೊಂಟ ಬಿಟ್ಟು ಇಳಿಯಲಿಲ್ಲ. ಧರಮಪೇಠದ ಕಡೆ ಮಕ್ಕಳಿಗೆಂದೇ ಪುಟ್ಟ ಪುಟ್ಟ ರಸ್ತೆ, ಸಿಗ್ನಲ್ಲು ಮಾಡಿಟ್ಟಿದ್ದ ಪಾರ್ಕಿಗೆ ಹೋದೆವು. ಅದು ಅವಳಿಗೆ ಹಿಡಿಸಿತು. ಕೆಂಪು ದೀಪದ ಮುಂದೆ ನಿಂತು, ಹಸಿರು ಬಂದ ಮೇಲೆ ಓಡಿದಳು. ಆದರೂ ಹೊರಡುವಾಗ, "ಇಲ್ಲಿ ಮಗರ್ ಇಲ್ಲ" ಎಂದಳು.

ಮತ್ತೊಬ್ಬರು ಮೊಸಳೆ ಎಂದ ಕೂಡಲೇ ನಮ್ಮನ್ನು ಪ್ರಾಣಿಗಳನ್ನು ಇಟ್ಟಿದ್ದ ಕಡೆ ಇಳಿಸಿಬಿಟ್ಟರು. ಜಾಲರಿಯ ಆಚೆ, ಪಾಚಿಗಟ್ಟಿದ ನೀರಿನ ಪಕ್ಕ ಒಂದು ನಿಜವಾದ ಮೊಸಳೆ ಬಾಯಿ ತೆರೆದು ಮಲಗಿತ್ತು. ಮಗು ಬಹಳ ಹೊತ್ತು ನೋಡಿತು.

"ಇದು ಖರೇ ಮಗರ್" ಎಂದಳು. "ನಮ್ಮದರ ಮ್ಯಾಲ ಕೂಡಾಕ ಬರ್ತೈತಿ. ಇದರ ಮ್ಯಾಲ ಕೂಡಾಕ ಬರಾಂಗಿಲ್ಲ."

ಅವತ್ತು ನಾನು ನಕ್ಕೆ. ತಂಗಿ ಹೋದ ಮೇಲೆ ಅದೇ ಮೊದಲು ನಕ್ಕದ್ದು.

ಚಳಿ ಹೋಗಿ ಬೇಸಿಗೆ ಬಂತು. ನಾಗಪುರದ ಬೇಸಿಗೆ ಏನೆಂದು ಗದಗದ ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ, ಕೂಲರಿಗೆ ನೀರು ತುಂಬಿ ತುಂಬಿ ದಿನ ಕಳೆಯಬೇಕು. ಸಂಜೆ ಹೊರಟರೂ ಕಬ್ಬಿಣದ ಜಾರುಬಂಡೆ ಕಾದ ಹಂಚಿನ ಹಾಗೆ ಇರುತ್ತಿತ್ತು. ಮಗುವನ್ನು ಹತ್ತಿಸುವ ಮೊದಲು ಅಂಗೈ ಇಟ್ಟು ನೋಡುವುದನ್ನು ಕಲಿತೆ. ಎಲ್ಲಿ ಬೇವಿನ ಮರದ ನೆರಳು ಆಟದ ಜಾಗದ ಮೇಲೆಯೇ ಬೀಳುತ್ತದೆ, ಎಲ್ಲಿ ಬೀಗ ಹಾಕದ ಪಾಯಖಾನೆ ಇದೆ, ಎಲ್ಲಿ ಜೋಕಾಲಿಯ ಸರಪಳಿ ಬೆರಳು ಕಚ್ಚುತ್ತದೆ ಎಂಬುದೆಲ್ಲ ಬಾಯಿಪಾಠವಾಯಿತು. ಕೆಲವು ಪಾರ್ಕುಗಳು ನೋಡಲು ಬಹಳ ಚೆಂದ: ಕತ್ತರಿಸಿದ ಹುಲ್ಲು, ಸಾಲು ಹೂಗಿಡ. ಆದರೆ ಮಕ್ಕಳು ಹುಲ್ಲಿನ ಮೇಲೆ ಕಾಲಿಟ್ಟರೆ ಸೀಟಿ ಊದುತ್ತಿದ್ದರು. ನಡೆಯುವ ದಾರಿಗೆ ಓಡಿದರೆ ವಾಕಿಂಗಿಗೆ ಬಂದ ಹಿರಿಯರು, "ಬಾಜೂಲಾ, ಬಾಜೂಲಾ" ಎಂದು ಬದಿಗೆ ಸರಿಸುತ್ತಿದ್ದರು. ಅಂಥ ಜಾಗದಲ್ಲಿ ಮಗು ನನ್ನ ಪಕ್ಕ ಬೆಂಚಿನ ಮೇಲೆ ಕುಳಿತು, ನನ್ನ ಬಳೆ ತಿರುಗಿಸುತ್ತ ಹೊತ್ತು ಕಳೆಯುತ್ತಿತ್ತು.

ಕಾಲೊನಿಯ ತಾಯಂದಿರು ನನ್ನನ್ನು ಕೇಳಲು ಶುರು ಮಾಡಿದರು. "ಅಮ್ಮಾ, ಸಣ್ಣ ಮಕ್ಕಳಿಗೆ ಚಲೋ ಪಾರ್ಕ್ ಯಾವುದು? ರವಿವಾರ ಕರಕೊಂಡು ಹೋಗಬೇಕು." ಲಕ್ಷ್ಮೀ ನಗರದ ಕಡೆ ಇಂಥ ಕಡೆ ಹೋಗಿ, ನೆರಳು ಬರೋಬರ್ ಇದೆ ಎಂದು ಹೇಳುತ್ತಿದ್ದೆ. ಅವರು ಹೋಗಿ ಬಂದು ಖುಷಿಯಿಂದ ಹೇಳುತ್ತಿದ್ದರು. ನಮ್ಮ ಹುಡುಗಿಗೆ ಮಾತ್ರ ನಾನು ಯಾವ ಪಾರ್ಕನ್ನೂ ಹುಡುಕಿಕೊಡಲಾಗಲಿಲ್ಲ. ಪ್ರತಿಯೊಂದು ಗೇಟಿನಲ್ಲಿಯೂ ಅವಳು ಆಸೆಯಿಂದ ಇಳಿಯುತ್ತಿದ್ದಳು. ಒಳಗೆ ಹೋಗಿ ಒಂದು ಸುತ್ತು ಹಾಕಿ ಬಂದು, "ಇದಲ್ಲ" ಎನ್ನುತ್ತಿದ್ದಳು. ಬೇಸರವಿರುತ್ತಿರಲಿಲ್ಲ ಆ ಮಾತಿನಲ್ಲಿ. ಇಲ್ಲಿ ಇಲ್ಲ ಅಂದರೆ ಇನ್ನೊಂದು ಕಡೆ ಇದೆ, ಅಷ್ಟೇ.

ಮಳೆಗಾಲ ಹಿಡಿದ ಮೇಲೆ ಅವಳಿಗೆ ಹಲ್ಲುನೋವು ಬಂತು. ಧರಮಪೇಠದ ಒಂದು ದವಾಖಾನೆಗೆ ಆಟೋದಲ್ಲಿ ಹೊರಟೆವು. ದೊಡ್ಡ ರಸ್ತೆಯನ್ನು ಸಿಮೆಂಟು ಹಾಕಲೆಂದು ಅಗೆದಿದ್ದರು; ಆಟೋದವರು ಒಳಗಿನ ಗಲ್ಲಿಗಳಲ್ಲಿ ತಿರುಗಿಸಿದರು. ಕೆನ್ನೆ ಹಿಡಿದುಕೊಂಡು ನನ್ನ ತೊಡೆಯ ಮೇಲೆ ಒರಗಿದ್ದ ಮಗು ಇದ್ದಕ್ಕಿದ್ದಂತೆ ಎದ್ದು ನಿಂತಿತು.

"ದೊಡ್ಡವ್ವ, ಇದ ರಸ್ತಾ."

"ಯಾವ ರಸ್ತಾ?"

"ನಿಲ್ಲಸ್ರಿ" ಎಂದು ಅವಳೇ ಆಟೋದವರ ಭುಜ ತಟ್ಟಿದಳು. ಕನ್ನಡದಲ್ಲಿಯೇ ಹೇಳಿದಳು. ಅವರು ನಿಲ್ಲಿಸಿದರು.

ಅದು ಪಾರ್ಕು ಎಂದು ಹೊರಗಿನಿಂದ ಗೊತ್ತಾಗುವ ಹಾಗೇ ಇರಲಿಲ್ಲ. ಫಲಕವಿಲ್ಲ. ಮನೆಗಳ ಹಿಂಭಾಗದ ಗೋಡೆಗಳ ನಡುವೆ ಉಳಿದುಹೋದ ಒಂದು ತುಂಡು ಜಾಗ. ಗಿಡ್ಡ ಕಾಂಪೌಂಡು, ಮುರುಕು ಗೇಟು. ಒಳಗೆ ಒಂದು ಜಾರುಬಂಡೆ, ಎರಡು ಜೋಕಾಲಿ, ಮರಳಿನ ಗುಡ್ಡೆ, ಒಂದು ನಲ್ಲಿ, ಮೂಲೆಯಲ್ಲಿ ನೀರಿನ ಪಂಪಿನ ಸಣ್ಣ ಕೋಣೆ. ಬೇವಿನ ಮರದ ಕೆಳಗೆ ಉದ್ದಕ್ಕೆ ಬಿದ್ದಿದ್ದ ಒಂದು ಮರದ ದಿಮ್ಮಿ. ಅದರ ಒಂದು ತುದಿಯಲ್ಲಿ ಬಿಳಿ ಬಣ್ಣದ ದೊಡ್ಡ ಕಣ್ಣುಗಳು, ನಡುವೆ ಕಪ್ಪು ಗುಡ್ಡೆ, ಕೆಳಗೆ ಸಾಲಾಗಿ ಬಿಳಿ ಹಲ್ಲು. ಬಿರುಕು ಬಿಟ್ಟ ಒರಟು ತೊಗಟೆ ಥೇಟ್ ಮೊಸಳೆಯ ಬೆನ್ನು.

ಮಗು ನನ್ನ ಕೈ ಬಿಡಿಸಿಕೊಂಡು ಓಡಿತು. ಮೊಸಳೆಯ ಕಡೆ ಓಡಲಿಲ್ಲ. ಪಂಪಿನ ಕೋಣೆಯ ಹಿಂದಕ್ಕೆ ಓಡಿತು. ಆ ಕಡೆಯಿಂದ ಬಂದಳು. ಮತ್ತೆ ಈ ಕಡೆಯಿಂದ ಹೋದಳು. ಬೇವಿನ ಮರದ ಹಿಂದೆ ಇಣುಕಿದಳು. ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ನಿಂತಳು. ಆಮೇಲೆ ನಿಧಾನವಾಗಿ ನಡೆದು ಬಂದು ನನ್ನ ಮುಂದೆ ನಿಂತು ಹೇಳಿದಳು:

"ಅವ್ವ ಇಲ್ಲಿನೂ ಇಲ್ಲ, ದೊಡ್ಡವ್ವ."

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. "ಅವ್ವ ಇಲ್ಲಿ ಯಾಕ ಇರ್ತಾಳ ಪುಟ್ಟಿ?" ಎಂದೆ.

"ಮನಿಗೆ ಬರಾಂಗಿಲ್ಲ ಅಂತ ಪಪ್ಪಾ ಹೇಳ್ಯಾನ. ಮನಿಗೆ ಬರಾಂಗಿಲ್ಲ ಅಂದ್ರ ಇಲ್ಲಿ ಇರ್ತಾಳ ಅಂತ ಮಾಡಿದ್ದೆ."

ಇಷ್ಟು ತಿಂಗಳು ಅವಳು ಹುಡುಕುತ್ತಿದ್ದದ್ದು ಪಾರ್ಕನ್ನಲ್ಲ. ನಾನು ಅವಳ ಕೈ ಹಿಡಿದುಕೊಂಡು ಊರೆಲ್ಲ ಸುತ್ತಿದ್ದೆ, ಬೆಂಚುಗಳ ಮೇಲೆ ಕುಳಿತು ನೆರಳು ಅಳೆದಿದ್ದೆ. ಅವಳು ಪ್ರತಿ ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದದ್ದು ತಾಯಿಯನ್ನು ನೋಡಲು.

ನಾನು ಆ ದಿಮ್ಮಿಯ ಮೇಲೆ ಕುಳಿತೆ. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡೆ.

"ಪುಟ್ಟಿ, ಸತ್ತಾರ ಅಂದ್ರ ಮನಿಗೂ ಬರಾಂಗಿಲ್ಲ, ಇಲ್ಲಿಗೂ ಬರಾಂಗಿಲ್ಲ."

"ಬಾಗಲಕೋಟಿ ಅಜ್ಜಿ ಊರಿಗೆ?"

"ಅಲ್ಲಿಗೂ ಬರಾಂಗಿಲ್ಲ."

"ಗದಗಕ್ಕ? ನಿಮ್ಮ ಮನಿಗೆ?"

"ಇಲ್ಲ."

"ಟೇಸನ್ನಿಗೆ?"

"ಇಲ್ಲ, ಯವ್ವಾ. ಎಲ್ಲಿಗೂ ಬರಾಂಗಿಲ್ಲ. ಎಲ್ಲೂ ಇಲ್ಲ ಅಕಿ."

ಅವಳಿಗೆ ಗೊತ್ತಿದ್ದ ಊರುಗಳು ಮುಗಿದವು. ಆಗ ಅಳಲು ಶುರು ಮಾಡಿದಳು. ಮೊದಲು ಸದ್ದೇ ಇರಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಆಮೇಲೆ ಬಂದ ಸದ್ದು ನಾನು ಎಂದೂ ಕೇಳಿರದಂಥದ್ದು. ಜಾರುಬಂಡೆಯ ಮೇಲಿದ್ದ ಮಕ್ಕಳು ಅಲ್ಲಲ್ಲೇ ನಿಂತುಬಿಟ್ಟವು. ನಾನು ಅವಳನ್ನು ಎದೆಗೆ ಒತ್ತಿ ಹಿಡಿದು ಕುಳಿತೆ. ಸುಮ್ಮನಾಗು ಎಂದು ಹೇಳಲಿಲ್ಲ.

ಆಗಲೇ ಒಬ್ಬ ಹೆಂಗಸು ಮಗನ ಕೈ ಹಿಡಿದುಕೊಂಡು ನಮ್ಮ ಹತ್ತಿರ ಬಂದಳು. ತಂಗಿಯ ವಯಸ್ಸಿನವಳೇ. "ಅರೇ, ಚಿಮಣೀ" ಎಂದಳು. ನಮ್ಮ ಕಡೆ ಚಿಮಣಿ ಎಂದರೆ ದೀಪ. ಮರಾಠಿಯಲ್ಲಿ ಗುಬ್ಬಚ್ಚಿ ಎಂದು ಆಮೇಲೆ ತಿಳಿಯಿತು. ಇಲ್ಲಿ ನಮ್ಮ ಹುಡುಗಿಗೆ ಆ ಹೆಸರಿತ್ತು. ಯಾಕೆ ಅಳುತ್ತಿದ್ದಾಳೆ, ಇವಳ ತಾಯಿ ಎಲ್ಲಿ, ಎಷ್ಟು ದಿನವಾಯಿತು ಕಂಡು ಎಂದು ಕೇಳಿದಳು.

ನನಗಿಂತ ಮೊದಲು ಮಗುವೇ ಬಿಕ್ಕುತ್ತ ಮರಾಠಿಯಲ್ಲಿ ಉತ್ತರ ಕೊಟ್ಟಿತು. "ಆಯಿ ನಾಹೀ. ಕುಠೇಚ ನಾಹೀ." ಅವ್ವ ಇಲ್ಲ. ಎಲ್ಲೂ ಇಲ್ಲ.

ನಾನು ನನ್ನ ಪುಸ್ತಕದ ಹಿಂದಿಯಲ್ಲಿ ಉಳಿದದ್ದನ್ನು ಹೇಳಿದೆ. ಆ ಹೆಂಗಸು ಒದ್ದೆ ಮರಳಿನ ಮೇಲೆಯೇ ಕುಸಿದು ಕುಳಿತಳು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಆಮೇಲೆ ಅವಳೂ ಹಿಂದಿಯಲ್ಲಿಯೇ, "ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು" ಎಂದಳು. "ರೈಲ್ವೆಯವರು, ಬದಲಿಯಾಗಿ ಹೋಗಿರಬೇಕು, ಹೋಗುವಾಗ ಒಂದು ಮಾತು ಹೇಳಲಿಲ್ಲವಲ್ಲ ಅಂತ. ನಾವಿಬ್ಬರೂ ಫೋನ್ ನಂಬರು ಕೂಡ ತಗೊಂಡಿರಲಿಲ್ಲ. ದಿನಾ ಇಲ್ಲೇ ಸಿಗ್ತೀವಲ್ಲ, ನಂಬರು ಯಾಕೆ ಅಂತ." ಅವಳಿಗೆ ನನ್ನ ತಂಗಿಯ ಹೆಸರೂ ಗೊತ್ತಿರಲಿಲ್ಲ. ಚಿಮಣಿಯ ಆಯಿ ಎಂದೇ ಕರೆಯುತ್ತಿದ್ದಳಂತೆ. ತಂಗಿಯೂ ಇವಳನ್ನು ಇವಳ ಮಗನ ಹೆಸರು ಹಿಡಿದು, ಅವನ ಆಯಿ ಎನ್ನುತ್ತಿದ್ದಳಂತೆ.

ಆ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಲಾಗಲಿಲ್ಲ. ಅತ್ತು ಅತ್ತು ಮಗು ನನ್ನ ಮಡಿಲಲ್ಲೇ ನಿದ್ದೆ ಹೋಯಿತು. ಆ ಹೆಂಗಸು ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳುತ್ತ ಹೋದಳು. ಎರಡು ಮಳೆಗಾಲದ ಹಿಂದೆ ಬಿರುಗಾಳಿಗೆ ಇಲ್ಲಿನ ಒಂದು ಮರ ಬಿದ್ದಿತ್ತು. ಟೊಂಗೆಗಳನ್ನು ಕಡಿದು ಒಯ್ದವರು ಬುಡವನ್ನು ಹಾಗೇ ಬಿಟ್ಟರು. ಮಕ್ಕಳು ಎಡವುತ್ತಿದ್ದವು. ಒಂದು ದಿನ ನನ್ನ ತಂಗಿ ಸ್ಕೂಟರಿನಲ್ಲಿ ಬಣ್ಣದ ಎರಡು ಡಬ್ಬಿ ತಂದು, ಮಂಡಿಯೂರಿ ಕುಳಿತು, ಕಣ್ಣು ಹಲ್ಲು ಬಿಡಿಸಿದಳು. ಅವತ್ತಿನಿಂದ ಅದು ಮಗರ್. ಮಕ್ಕಳು ಅದರ ಮೇಲೆ ಕೂಡಲು ಸರದಿ ಹಚ್ಚುತ್ತಿದ್ದವು. ಅಂದರೆ ಮೊಸಳೆಯ ಗುರುತು ಹೇಳಿದರೆ ಈ ಜಾಗವನ್ನು ನಮಗೆ ತೋರಿಸಬಲ್ಲವರು ಊರಿನಲ್ಲಿ ಈ ಗಲ್ಲಿಯ ನಾಲ್ಕು ಮನೆಯವರ ಹೊರತು ಯಾರೂ ಇರಲಿಲ್ಲ.

ಇಷ್ಟು ದೂರ ಯಾಕೆ ಬರುತ್ತಿದ್ದಳು ಎಂದು ಕೇಳಿದೆ.

"ಅವಳೂ ಊರೆಲ್ಲ ಹುಡುಕಿದ್ದಳಂತೆ" ಎಂದಳು. "ಇಲ್ಲಿ ಮಕ್ಕಳನ್ನು ಯಾರೂ ಗದರಿಸುವುದಿಲ್ಲ, ಅದಕ್ಕೇ ಇಲ್ಲಿಗೆ ಬರ್ತೀನಿ ಅಂತಿದ್ದಳು. ಮರಾಠಿ ಕೂಡ ಇಲ್ಲಿಯೇ ಕಲಿತಳು. ಮೊದಮೊದಲು ನನ್ನ ಮಗ ಅವಳ ಮಾತು ಕೇಳಿ ನಗ್ತಿದ್ದ. ಅವಳೂ ನಗ್ತಿದ್ದಳು."

ಆಡುತ್ತಿದ್ದದ್ದು ಏನನ್ನು ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: ಕಣ್ಣಾಮುಚ್ಚಾಲೆ. ತಂಗಿ ಪ್ರತಿ ಸಲವೂ ಪಂಪಿನ ಕೋಣೆಯ ಹಿಂದೆಯೇ ಅಡಗುತ್ತಿದ್ದಳು. ಮಗು ಪ್ರತಿ ಸಲವೂ ಹೊಸದಾಗಿ ಹುಡುಕಿದಂತೆ ಹುಡುಕಿ ಹಿಡಿಯುತ್ತಿತ್ತು.

ಮರುದಿನ ತಂಗಿಯ ಗಂಡ ಡ್ಯೂಟಿ ಮುಗಿಸಿ ಬಂದರು. ಕೈಕಾಲು ತೊಳೆದು ಚಹಾ ಕುಡಿದ ಮೇಲೆ ಎಲ್ಲವನ್ನೂ ಹೇಳಿದೆ. ಕಪ್ಪು ಕೆಳಗಿಟ್ಟರು.

"ಅಕ್ಕಾರ, ನಾ ಹೇಳಿದ್ದ ತಪ್ಪಾತೇನ್ರಿ?"

"ಇಲ್ರಿ. ನೀವು ಇದ್ದದ್ದು ಇದ್ದಂಗ ಹೇಳೀರಿ. ಅಕಿ ಅದನ್ನ ಹೆಂಗ ತಿಳಕೊಂಡ್ಲು ಅಂತ ನಮಗ ಹೆಂಗ ಗೊತ್ತಾಗಬೇಕು."

"ಬಿಳಿ ಬಣ್ಣ, ಕರಿ ಬಣ್ಣ ಅಂದ್ರೆಲ್ಲ." ಎಂದರು ಅವರು. "ನನ್ನ ಲೈನ್ ಬಾಕ್ಸಿಗೆ ಹಚ್ಚಾಕ ತಂದಿದ್ದೆ." ಲೈನ್ ಬಾಕ್ಸ್ ಎಂದರೆ ಗಾರ್ಡುಗಳು ಗಾಡಿಯಲ್ಲಿ ಒಯ್ಯುವ ಕಬ್ಬಿಣದ ಪೆಟ್ಟಿಗೆ. "ಹಚ್ಚಿ ಉಳಿದದ್ದು ಎಲ್ಲಿ ಹೋತು ಅಂತ ಕೇಳಿದ್ರ, ನಿಮ್ಮ ತಂಗಿ ನಕ್ಕಳ್ರಿ. ಮಗಳನ್ನ ಕೇಳ್ರಿ ಅಂದ್ಲು. ನಂಗ ಡ್ಯೂಟಿಗೆ ಬರ್ರಿ ಅಂತ ಫೋನ್ ಬಂದಿತ್ತು. ಹೋದೆ. ಆಮ್ಯಾಲ ಕೇಳೂದ ಮರತೆ."

ಆ ವಾರ ಅವರು ಒಬ್ಬರೇ ಅಲ್ಲಿಗೆ ಹೋಗಿದ್ದರು. ನನಗೆ ಹೇಳಲಿಲ್ಲ. ಡ್ಯೂಟಿಯ ಬಿಳಿ ಬಟ್ಟೆಯಲ್ಲಿಯೇ ಬಂದು, ದಿಮ್ಮಿಯ ಪಕ್ಕ ನಿಂತು, ಆ ಕಣ್ಣುಗಳನ್ನು ಕೈಯಿಂದ ಮುಟ್ಟಿ ನೋಡಿ ಹೋದರು ಎಂದು ಆ ಹೆಂಗಸು ಆಮೇಲೆ ಹೇಳಿದಳು. ಯಾರೋ ಮನೆಯ ಕಿಟಕಿಯಿಂದ, ನೀವು ಯಾರು, ಏನು ಬೇಕಿತ್ತು ಎಂದು ಕೇಳಿದ್ದಕ್ಕೆ, ಏನೂ ಇಲ್ಲ ಎಂದರಂತೆ.

ಮಗು ಅಲ್ಲಿಂದ ಮುಂದೆ ಬಾಗದ ಮಾತೇ ಎತ್ತಲಿಲ್ಲ. ಸಂಜೆಯಾದರೆ ಚಪ್ಪಲಿ ಹಾಕಿಕೊಳ್ಳುವುದು ನಿಂತಿತು. ಹಾಸಿಗೆ ಒದ್ದೆ ಮಾಡತೊಡಗಿದಳು. ಬಾಲವಾಡಿಯಲ್ಲಿ ಬೇರೆ ಮಕ್ಕಳ ತಾಯಂದಿರು ಬಂದಾಗ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾಳೆ ಎಂದು ಅಲ್ಲಿನ ಟೀಚರು ಹೇಳಿದರು. ನಾನು ಸುಳ್ಳಾದರೂ ಹೇಳಬೇಕಾಗಿತ್ತೇನೋ, ಇನ್ನೊಂದಿಷ್ಟು ದಿನ ಹುಡುಕುತ್ತ ಇರಲು ಬಿಡಬೇಕಾಗಿತ್ತೇನೋ ಎಂದು ಅನಿಸುತ್ತಿತ್ತು. ಹುಡುಕುವಾಗ ಅವಳ ಮುಖದಲ್ಲಿ ಒಂದು ಕಳೆ ಇತ್ತು. ಈಗ ಅದು ಇರಲಿಲ್ಲ.

ದೀಪಾವಳಿಯ ಹೊತ್ತಿಗೆ ಆ ಹೆಂಗಸು ನಾನು ಆ ದಿನ ಹೇಳಿದ್ದ ಗುರುತಿನ ಮೇಲೆ ಮನೆ ಕೇಳಿಕೊಂಡು ನಮ್ಮ ಕ್ವಾರ್ಟರ್ಸಿಗೇ ಬಂದಳು, ಮಗನನ್ನು ಕರೆದುಕೊಂಡು, ಡಬ್ಬಿಯಲ್ಲಿ ಚಕಲಿ ತೆಗೆದುಕೊಂಡು. ಮಕ್ಕಳಿಬ್ಬರೂ ಮೊದಲು ದೂರ ದೂರ ಕುಳಿತರು. ಆ ಹುಡುಗ ನಮ್ಮ ಮಂಚದ ಕೆಳಗೆ ತೂರಿಕೊಂಡ. ಇವಳೂ ತೂರಿಕೊಂಡಳು. ಅಲ್ಲೇ ಏನೋ ಮಾತಾಡಿಕೊಂಡರು. ಹೊರಗೆ ಬಂದಾಗ ಇಬ್ಬರ ತಲೆಯಲ್ಲೂ ಜೇಡರ ಬಲೆ. ಆ ಹೆಂಗಸು ಹೊರಡುವಾಗ ನನ್ನ ಫೋನು ತೆಗೆದುಕೊಂಡು ತಾನೇ ತನ್ನ ನಂಬರು ಒತ್ತಿ ಕೊಟ್ಟಳು.

ಹಾಗೆ ನಾವು ಮತ್ತೆ ಹೋಗತೊಡಗಿದೆವು. ಅವಳು ಮೊದಲು ಮರಳಿನ ಬದಿಗೆ ಕುಳಿತಳು, ಆಮೇಲೆ ಮರಳಿನ ಒಳಗೆ. ಪಂಪಿನ ಕೋಣೆಯ ಕಡೆ ಹೋಗುತ್ತಿರಲಿಲ್ಲ. ಮಕ್ಕಳು ಕಣ್ಣಾಮುಚ್ಚಾಲೆ ಶುರು ಮಾಡಿದರೆ ನನ್ನ ಪಕ್ಕ ಬಂದು ಕುಳಿತುಬಿಡುತ್ತಿದ್ದಳು. ಯಾರೂ ಬಲವಂತ ಮಾಡುತ್ತಿರಲಿಲ್ಲ.

ಮುಂದಿನ ವರ್ಷ ಆ ಜಾಗಕ್ಕೆ ಹೊಸ ರೂಪ ಬಂತು. ಒಂದಿಷ್ಟು ದಿನ ಹಸಿರು ಪರದೆ ಕಟ್ಟಿ ಮುಚ್ಚಿದ್ದರು. ತೆರೆದಾಗ ನೆಲಕ್ಕೆ ಮೆತ್ತನೆಯ ರಬ್ಬರು, ಬಣ್ಣ ಬಣ್ಣದ ಪ್ಲಾಸ್ಟಿಕ್ಕಿನ ಜಾರುಬಂಡೆ, ಹಗ್ಗದ ಏಣಿ, ಸಣ್ಣವರಿಗೆ ಬೇರೆ ಜೋಕಾಲಿ, ತಾಯಂದಿರಿಗೆ ನೆರಳಿನಲ್ಲಿ ಬೆಂಚು, ಸ್ವಚ್ಛವಾದ ಪಾಯಖಾನೆ. ಗೇಟಿಗೆ ಫಲಕವೂ ಬಂತು. ನಾನು ಊರಿನ ತುಂಬ ಹುಡುಕಿದ್ದ ಒಳ್ಳೆಯ ಪಾರ್ಕಿನ ಲಕ್ಷಣಗಳೆಲ್ಲ ಇದ್ದವು. ಬೇವಿನ ಮರ ಉಳಿಸಿಕೊಂಡಿದ್ದರು. ದಿಮ್ಮಿ ಇರಲಿಲ್ಲ. ಅದಾಗಲೇ ಗೆದ್ದಲು ಹಿಡಿದು ಪೊಳ್ಳಾಗಿತ್ತು, ಮಕ್ಕಳಿಗೆ ಸಿಬಿರು ಚುಚ್ಚುತ್ತಿತ್ತು, ತೆಗೆಯಲೇಬೇಕಿತ್ತು. ತೆಗೆಯುವ ದಿನ ನಮಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಆ ಕಣ್ಣಿದ್ದ ತುಂಡನ್ನಾದರೂ ಕೇಳಿ ತರುತ್ತಿದ್ದೆ. ಮಗು ಹಗ್ಗದ ಏಣಿ ನೋಡಿ ಕೂಗುತ್ತ ಓಡಿತು. ದಿಮ್ಮಿ ಇದ್ದ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಆ ಹೆಂಗಸೂ ಮುಖ ಮುಖ ನೋಡಿಕೊಂಡೆವು.

ಈಗ ಅವಳಿಗೆ ಎಂಟು ವರ್ಷ. ಹುಬ್ಬಳ್ಳಿ ಕಡೆಗೆ ವರ್ಗ ಕೇಳಿ ಅವಳ ತಂದೆ ಅರ್ಜಿ ಹಾಕಿದ್ದಾರೆ. ಅದು ಆದಾಗ ಆಯಿತು. ಮನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಾಳೆ, ಉಳಿದದ್ದೆಲ್ಲ ಮರಾಠಿ. ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೇಳಿದಳು: "ದೊಡ್ಡವ್ವ, ಅವ್ವ ಎತ್ತರ ಇದ್ಲೋ, ಗಿಡ್ಡ ಇದ್ಲೋ?"

"ನನಗಿಂತ ಎತ್ತರ."

"ಧ್ವನಿ ಹೆಂಗಿತ್ತು?"

ನಾನು ಹೇಳಲು ನೋಡಿದೆ. ಧ್ವನಿಯನ್ನು ಹೇಗೆ ಹೇಳುವುದು? ಸ್ವಲ್ಪ ನಿನ್ನ ಹಾಗೆಯೇ ಎಂದೆ. ಅವಳು, "ಹಾಂ" ಎಂದು ರಿಬ್ಬನ್ ಕೈಗೆ ಕೊಟ್ಟಳು. ಅಳಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಗೊತ್ತಿಲ್ಲದ ಯಾರದೋ ವಿಷಯ ಕೇಳಿದ ಹಾಗೆ ಕೇಳಿದಳು. ಅವಳು ಪಾರ್ಕು ಪಾರ್ಕು ತಿರುಗಿ ತಾಯಿಯನ್ನು ಹುಡುಕಿದ್ದು ಅವಳಿಗೆ ನೆನಪಿಲ್ಲ. ಅದು ಈಗ ನನ್ನೊಬ್ಬಳ ನೆನಪು.

ಹೋದ ವಾರ ಲಕ್ಷ್ಮೀ ನಗರದ ಕಡೆಯ ಒಂದು ಪಾರ್ಕಿಗೆ ಹೋಗಿದ್ದೆವು. ಗೆಳತಿಯರ ಜೊತೆ ಕಬ್ಬಿಣದ ಕಂಬಿಗಳಿಗೆ ಜೋತುಬಿದ್ದು ದಾಟುವ ಆಟ ಆಡುತ್ತಿದ್ದಳು. ನಡುವೆ ಕೈ ಜಾರಿ ಬಿದ್ದಳು. ಬೀಳುತ್ತಲೇ, "ಆಯೀ ಗ" ಎಂದು ಕೂಗಿದಳು. ಇಲ್ಲಿ ಎಲ್ಲರೂ ಹಾಗೆಯೇ ಕೂಗುತ್ತಾರೆ, ಮಂಡಿ ನೋಯುವ ಮುದುಕರು ಕೂಡ. ಬೆಂಚಿನ ಮೇಲಿದ್ದ ತಾಯಂದಿರೆಲ್ಲ ಒಮ್ಮೆ ಕತ್ತೆತ್ತಿ, ತಮ್ಮ ಮಗುವಲ್ಲ ಎಂದು ಖಾತ್ರಿ ಮಾಡಿಕೊಂಡು, ಮಾತಿಗೆ ಮರಳಿದರು.

ನಾನು ಎದ್ದು ಹೋದೆ. ಮಂಡಿ ತರಚಿತ್ತು. ಬಾಟಲಿಯ ನೀರು ಹಾಕಿ ಮಣ್ಣು ತೆಗೆದೆ. ಅವಳು ತುಟಿ ಕಚ್ಚಿಕೊಂಡು ನನ್ನ ಭುಜ ಹಿಡಿದು ನಿಂತಿದ್ದಳು.

"ರಕ್ತ ಭಾಳ ಬಂದೈತೇನು?"

"ಇಲ್ಲ, ಸ್ವಲ್ಪ."

"ಮತ್ತ ಹೋಗ್ಲಾ?"

"ಹೋಗು. ಸಾವಕಾಶ."

ಅವಳು ಕುಂಟುತ್ತ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ನಾನು ಬಂದು ಬೆಂಚಿನ ಮೇಲೆ ಕುಳಿತೆ. ಅವಳ ಸರದಿ ಬರುವವರೆಗೂ ಅವಳನ್ನೇ ನೋಡುತ್ತಿದ್ದೆ.